ಅವ್ವನ ಗೋಧಿ, ನನ್ನ ಅಲಸಂದಿ ಕಟ್ಟು

ರೋಗಿಗೆ ಏನು ಕೊಡಬೇಕೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಜೋಳದ ರೊಟ್ಟಿ ಗಟ್ಟಿ, ಅದನ್ನು ಮೊದಲು ಬಿಡಿಸಬೇಕು. ಕಾಳು ವಾಯು, ಅದರ ಮಾತೇ ಬೇಡ. ಗೋಧಿ ರವೆಯ ಸಜ್ಜಿಗೆ, ಹಾಲಿನಲ್ಲಿ ಬೆಂದ ಶಾವಿಗೆ, ತುಪ್ಪ ಸವರಿದ ತೆಳ್ಳನೆಯ ಚಪಾತಿ, ಚಹಾದಲ್ಲಿ ಅದ್ದಿದ ಡಬಲ್ ರೊಟ್ಟಿ, ಇವು ಹಗುರ, ಇವು ಶಕ್ತಿ. ಭಾಲ್ಕಿಯ ನಮ್ಮ ಓಣಿಯಲ್ಲಿ ಯಾರು ಮಲಗಿದರೂ ನೋಡಲು ಬಂದವರ ಕೈಯಲ್ಲಿ ಇವುಗಳಲ್ಲಿ ಒಂದು ಇರುತ್ತಿತ್ತು. ಇದು ಸರಿಯೇ ಎಂದು ಯಾರೂ ಕೇಳಿದವರಲ್ಲ. ವಿಜ್ಞಾನ ಓದಿ ಪದವಿ ಪಡೆದು ಬಂದ ನಾನೂ ಕೇಳಲಿಲ್ಲ. ಆ ಊಟವೇ ನನ್ನನ್ನು ಹಾಸಿಗೆಗೆ ಅಂಟಿಸಿತ್ತು ಎಂದು ಬರೆಯಲು ಇಷ್ಟು ದಿನ ಹಿಂಜರಿದದ್ದಕ್ಕೆ ಒಂದೇ ಕಾರಣ. ಅದನ್ನು ಉಣಿಸಿದವಳು ಅವ್ವ.

ಹೊಟ್ಟೆಯ ಕಾಯಿಲೆಯ ಬಗ್ಗೆ ಹೆಣ್ಣುಮಕ್ಕಳು ಬಾಯಿಬಿಡುವುದಿಲ್ಲ. ಎದೆನೋವು, ತಲೆನೋವು ಎಂದರೆ ಹೇಳಬಹುದು. ಇದನ್ನು ಹೇಳುವುದು ಹೇಗೆ? ನನಗೂ ಎಲ್ಲವನ್ನೂ ಬಿಡಿಸಿ ಬರೆಯುವ ಮನಸ್ಸಿಲ್ಲ. ಆದರೆ ದವಾಖಾನೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತ ಇನ್ನೊಬ್ಬಳಿಗೆ ಇದರಿಂದ ಉಪಯೋಗವಾದೀತು ಎನ್ನಿಸಿದ್ದರಿಂದ, ಆಗುವಷ್ಟು ಹೇಳುತ್ತೇನೆ.

ಅದು ಶುರುವಾದದ್ದು ಹೈದರಾಬಾದಿನ ಹಾಸ್ಟೆಲಿನಲ್ಲಿ. ಅಲ್ಲಿ ಊಟಕ್ಕೆ ಅನ್ನ ಮತ್ತು ಗೋಧಿ ರೊಟ್ಟಿ. ಅನ್ನ ನನಗೆ ಒಗ್ಗಲಿಲ್ಲ, ರೊಟ್ಟಿಯನ್ನೇ ಹೆಚ್ಚು ತಿಂದೆ. ಎರಡನೆಯ ವರ್ಷದಿಂದ ಹೊಟ್ಟೆ ಕೆಡತೊಡಗಿತು, ಬಾಯಲ್ಲಿ ಹುಣ್ಣು, ಬಾಚಿದರೆ ಕೈತುಂಬ ಕೂದಲು. ರಜೆಗೆ ಮನೆಗೆ ಬಂದು ತಿಂಗಳು ಕಳೆಯುವಷ್ಟರಲ್ಲಿ ಸುಧಾರಿಸುತ್ತಿದ್ದೆ. "ಹೈದರಾಬಾದಿನ ನೀರು ಆಕಿಗಿ ಹೊಂದವಲ್ದು," ಎಂದು ಅವ್ವ ತೀರ್ಮಾನಿಸಿದ್ದಳು. ರಜೆಯಲ್ಲಿ ನಾನು ತಿನ್ನುತ್ತಿದ್ದುದು ಜೋಳದ ರೊಟ್ಟಿ ಎಂಬುದು ಅವಳಿಗಾಗಲಿ ನನಗಾಗಲಿ ಹೊಳೆಯಲಿಲ್ಲ. ಎಲ್ಲರೂ ತಿನ್ನುವುದನ್ನು ಯಾರು ಗಮನಿಸುತ್ತಾರೆ?

ಪದವಿ ಮುಗಿಸಿ ಬಂದಾಗ ನನ್ನ ರವಿಕೆಗಳೆಲ್ಲ ಸಡಿಲವಾಗಿದ್ದವು. ಅವ್ವ ನನ್ನನ್ನು ನೋಡಿದವಳೇ ಜೋಳದ ರೊಟ್ಟಿಯ ತಾಟನ್ನು ಹಿಂದಕ್ಕೆಳೆದುಕೊಂಡಳು. ಅಂದಿನಿಂದ ನಾನು ರೋಗಿ. ರೋಗಿಯ ಊಟ ಶುರುವಾಯಿತು.

ಆ ಬೇಸಿಗೆಯಲ್ಲಿ ಅವ್ವ ನನಗೆಂದೇ ಜವೆಗೋಧಿ ತರಿಸಿದಳು. ಸಾಮಾನ್ಯ ಗೋಧಿಗಿಂತ ಅದು ರೋಗಿಗೆ ಒಳ್ಳೆಯದೆಂದು ಹೆಸರು. ಬಿಸಿಲಲ್ಲಿ ಕುಳಿತು, ಹಿಟ್ಟು ನಾದಿ, ಮಣೆಯ ಮೇಲೆ ಕೂದಲೆಳೆಯಂಥ ಶಾವಿಗೆ ಹೊಸೆದು, ಹಗ್ಗದ ಮೇಲೆ ಒಣಗಿಸಿದಳು. ಓಣಿಯಲ್ಲಿ ಅವಳಷ್ಟು ಸಣ್ಣ ಶಾವಿಗೆ ಹೊಸೆಯುವವರು ಇರಲಿಲ್ಲ. ದಿನಕ್ಕೆ ಎರಡು ಬಾರಿ, ಕೆಲವೊಮ್ಮೆ ಮೂರು ಬಾರಿ ಅದನ್ನು ಹಾಲಿನಲ್ಲಿ ಕುದಿಸಿ ತಂದು, ನಾನು ಬಟ್ಟಲು ಖಾಲಿ ಮಾಡುವ ತನಕ ಎದುರಿಗೆ ಕುಳಿತಿರುತ್ತಿದ್ದಳು. ನಾನು ಇನ್ನಷ್ಟು ಸೊರಗಿದಂತೆ ಬಟ್ಟಲು ಇನ್ನಷ್ಟು ದೊಡ್ಡದಾಯಿತು.

ಹಲಬರ್ಗಾದಿಂದ ಅತ್ತೆ ಬಂದಳು. ಅಪ್ಪನ ಅಕ್ಕ, ಗಂಡನಿಲ್ಲದವಳು, ನಾಲಿಗೆಗೆ ಅಂಕೆಯಿಲ್ಲದವಳು. ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏ ನೀಲಾ, ಹೈದರಾಬಾದಿಗಿ ಓದ್ಲಿಕ್ಕ ಕಳಸಿದ್ರ ಮೈಯೆಲ್ಲಾ ಅಲ್ಲೇ ಬಿಟ್ಟು ಬರೇ ಮೂಗು ತಗೊಂಡು ಬಂದಿ ಏನು?"

"ಆಕಿಗಿ ನಗಸಬ್ಯಾಡ್ರಿ ಅಕ್ಕಾ, ಹೊಟ್ಟಿ ನೋಯ್ತದ," ಎಂದಳು ಅವ್ವ.

"ನಕ್ರೇ ನೋಯೂ ಹೊಟ್ಟಿ ಇದ್ರ ಅದು ಹೊಟ್ಟಿನೇ ಅಲ್ಲ ಬಿಡು," ಎಂದು ಅತ್ತೆ ಸೆರಗಿನಿಂದ ಒಂದು ಬಿಸ್ಕೀಟಿನ ಪುಡಿಕೆ ತೆಗೆದು ನನ್ನ ಮಡಿಲಿಗೆ ಹಾಕಿದಳು. ಅದೂ ಗೋಧಿಯೇ. ತಿಂದೆ.

ಊರಿನ ವೈದ್ಯರು ಸಂಗ್ರಹಣಿ, ಅಂದರೆ ಬಿಡದ ಭೇದಿ, ಎಂದರು. ಪುಡಿ ಕೊಟ್ಟರು, ಮಜ್ಜಿಗೆ ಹೇಳಿದರು. ಮಜ್ಜಿಗೆ ಕುಡಿದೆ, ಜೊತೆಗೆ ಚಪಾತಿಯನ್ನೂ ತಿಂದೆ. ಮಳೆಗಾಲ ಮುಗಿಯುವಷ್ಟರಲ್ಲಿ ಪಾದಗಳು ಊದಿಕೊಂಡವು. ಓಣಿಯ ಹೆಂಗಸರು ಬರುವುದು ಕಡಿಮೆಯಾಯಿತು. ಬಂದವರೂ ಹೊಸ್ತಿಲ ಆಚೆ ನಿಂತು ಮಾತಾಡಿಸಿ ಹೋದರು. ಟೀಬಿ ಎಂಬ ಮಾತನ್ನು ಯಾರೂ ನಮ್ಮೆದುರು ಆಡಲಿಲ್ಲ. ಆದರೆ ನಾನು ನೀರು ಕುಡಿದ ತಂಬಿಗೆಯನ್ನು ಅವ್ವ ಬೇರೆ ಇಡತೊಡಗಿದ್ದು ನನ್ನ ಕಣ್ಣಿಗೆ ಬಿತ್ತು. ನಾನು ನೋಡಿದೆನೆಂದು ಗೊತ್ತಾದಾಗ ಅವಳು ಆ ತಂಬಿಗೆಯಲ್ಲೇ ನೀರು ತುಂಬಿಕೊಂಡು, ನನ್ನೆದುರೇ, ಗಟಗಟ ಕುಡಿದಳು.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ದಿನ ನಾನು ಹಾಸಿಗೆಯಲ್ಲಿದ್ದೆ. ತಹಸೀಲು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಬೆಳಿಗ್ಗೆ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋದರು. ದೂರದಿಂದ ಬಾಜಾ ಸದ್ದು ಕೇಳುತ್ತಿತ್ತು. ಉರ್ದುವಿನಲ್ಲಿ ಕಡತ ಬರೆದೇ ಅರ್ಧ ಆಯುಷ್ಯ ಕಳೆದಿದ್ದ ಅವರು ಸಂಜೆ ಬಂದು ನನ್ನ ಪಕ್ಕದಲ್ಲಿ ಕುಳಿತು ಹೇಳಿದರು.

"ಇನ್ನ ಮ್ಯಾಲ ಎಲ್ಲಾ ಕನ್ನಡದಾಗ ಬರೀಬೇಕಂತ ನೀಲಾ. ಮೈಸೂರ ಕಡಿಂದ ಒಬ್ರು ಸಾಹೇಬ್ರು ಬಂದಾರ. ಅವರ ಕನ್ನಡ ತಿಳೀಬೇಕಂದ್ರ ನಾ ಮತ್ತೊಂದು ಪರೀಕ್ಷಾ ಪಾಸಾಗಬೇಕು."

ನಾನು ನಕ್ಕೆ. ಅಪ್ಪ ನನ್ನ ಮುಖವನ್ನು ನೋಡದೆ ಮುಂದುವರಿಸಿದರು. "ಹೆಣ್ಣುಮಕ್ಕಳ ಸಾಲಿಗಿ ಕನ್ನಡ ಕಲಸೂ ಬಾಯಿಯವರು ಬೇಕಾಗ್ಯಾರ. ಓದಿದವರು ಸಿಗವಲ್ರು. ನೀ ಎದ್ದು ಕುಂತ್ರ ಸಾಕು, ಅರ್ಜಿ ನಾ ಬರ್ಕೊಡ್ತೇನಿ."

ಅಲ್ಲಿಯ ತನಕ ಸಾಯುತ್ತೇನೆಂಬ ಭಯ ಇತ್ತೇ ಹೊರತು ಬದುಕಿ ಏನು ಮಾಡಬೇಕೆಂಬ ಯೋಚನೆ ಇರಲಿಲ್ಲ. ಅಂದಿನಿಂದ ಮನಸ್ಸಿನಲ್ಲಿ ಒಂದು ಚಿತ್ರ ಬಂದು ಕುಳಿತಿತು. ಒಂದು ಕೋಣೆ, ಒಂದು ಕರಿಹಲಗೆ, ಅದರ ಮುಂದೆ ಯಾರ ಆಸರೆಯೂ ಇಲ್ಲದೆ ನಿಂತ ನಾನು. ಬೇಕೆಂದುಕೊಂಡದ್ದು ಇಷ್ಟೇ. ನಿಲ್ಲುವುದು.

ಚಳಿ ಶುರುವಾದ ಮೇಲೆ ಅಪ್ಪ ಮತ್ತು ಅವ್ವ ನನ್ನನ್ನು ರೈಲಿನಲ್ಲಿ ಬೀದರಿಗೆ ಕರೆದುಕೊಂಡು ಹೋದರು. ಅಲ್ಲಿನ ಒಂದು ದವಾಖಾನೆಗೆ ವಿಲಾಯತಿಯಲ್ಲಿ ಓದಿದ ಹೆಣ್ಣು ಡಾಕ್ಟರು ಬಂದಿದ್ದಾರೆಂದು ಕಚೇರಿಯಲ್ಲಿ ಯಾರೋ ಹೇಳಿದ್ದರಂತೆ. ಗಂಡಸರ ಕಡೆ ಅಪ್ಪ, ಹೆಂಗಸರ ಪಡಸಾಲೆಯ ಬೆಂಚಿನ ಮೇಲೆ ಅವ್ವ ಮತ್ತು ನಾನು. ನಮ್ಮ ಮುಂದೆ ಬಹಳ ಮಂದಿ ಇದ್ದರು. ಕರೆದಾಗ ಎದ್ದು ಹೋಗದಿದ್ದರೆ ಪಾಳಿ ತಪ್ಪಿ ಮತ್ತೆ ಕೊನೆಗೆ ಹೋಗಬೇಕು. ನನಗೋ ಕುಳಿತಲ್ಲಿ ಕುಳಿತಿರಲು ಆಗುತ್ತಿರಲಿಲ್ಲ. ಒಮ್ಮೆ ಎದ್ದುಹೋಗಿ ಬರುವಷ್ಟರಲ್ಲಿ ಪಾಳಿ ಹೋಯಿತು. ನನ್ನನ್ನು ಹಿಡಿದುಕೊಂಡು ಬರಲು ಅವ್ವನೂ ಎದ್ದಿದ್ದಳು. ಎರಡನೆಯ ಸಲವೂ ಹಾಗೇ ಆಯಿತು. ಅವ್ವ ಅಳತೊಡಗಿದಳು.

ಪಕ್ಕದಲ್ಲಿ ಬಗದಲ್‌ನಿಂದ ಬಂದ ಒಬ್ಬಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಅವಳು ನನ್ನ ಕಾಯಿಲೆ ಏನೆಂದು ಕೇಳಲಿಲ್ಲ. ಬೆಂಚಿನ ಮೇಲೆ ನಾನು ಕುಳಿತಿದ್ದ ಜಾಗದಲ್ಲಿ ತನ್ನ ಬುತ್ತಿಯ ಗಂಟನ್ನು ಇಟ್ಟು, "ನಿನ್ನ ಪಾಳಿ ನಾ ಹಿಡೀತೇನಿ, ಹೋಗಿ ಬಾ ಅಕ್ಕಾ," ಎಂದಳು. ಮೂರನೆಯ ಸಲ ನನ್ನನ್ನು ಕರೆದಾಗ ನಾನು ಇರಲಿಲ್ಲ. ಅವಳು ಕೂಸನ್ನು ಎತ್ತಿಕೊಂಡು ಹೋಗಿ ಡಾಕ್ಟರ ಬಾಗಿಲಿಗೆ ಅಡ್ಡ ನಿಂತುಬಿಟ್ಟಳಂತೆ. ಜವಾನ ಬೈದರೂ ಕದಲಲಿಲ್ಲವಂತೆ. "ಆಕಿ ಬರ್ಲಾರದ ಯಾರಿಗೂ ಒಳಗ ಬಿಡಾಂಗಿಲ್ಲ, ನೀ ಏನ್ ಮಾಡ್ತಿ ಮಾಡು." ನಾನು ಗೋಡೆ ಹಿಡಿದುಕೊಂಡು ಬಂದಾಗ ಅವಳು ಇನ್ನೂ ಅಲ್ಲೇ ಇದ್ದಳು. ಅವಳ ಹೆಸರು ಕೇಳಲು ನನಗೆ ಹೊಳೆಯಲಿಲ್ಲ.

ನಮ್ಮ ಕಡೆ ಓದಿ ಕೆಲಸದಲ್ಲಿರುವ ಹೆಂಗಸರನ್ನು ಬಾಯಿ ಎಂದೇ ಕರೆಯುವುದು. ಡಾಕ್ಟರ್ ಬಾಯಿಯವರದು ಮಾತು ಕಡಿಮೆ. ಎದೆಯ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಕಫ ಪರೀಕ್ಷೆಗೆ ಕಳಿಸಿದರು. ಮೂರು ದಿನ ಅಲ್ಲೇ ಇರಿಸಿಕೊಂಡು ಟೀಬಿ ಅಲ್ಲ ಎಂದರು. ಅವ್ವ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಆಮೇಲೆ ಡಾಕ್ಟರ್ ಬಾಯಿ ನನ್ನನ್ನು ಅಲ್ಲಿಯ ತನಕ ಯಾರೂ ಕೇಳದ ಪ್ರಶ್ನೆ ಕೇಳಿದರು. "ಹಾಸ್ಟೆಲಿನಾಗ ಏನು ತಿಂತಿದ್ದಿ? ರಜಾದಾಗ ಏನು ತಿಂತಿದ್ದಿ? ಈಗ ಏನು?" ನಾನು ಹೇಳುತ್ತಾ ಹೋದಂತೆ ಅವರು ಬರೆಯುವುದನ್ನು ನಿಲ್ಲಿಸಿದರು.

"ನಾ ಓದಿದಲ್ಲಿ ಸಣ್ಣ ಮಕ್ಕಳಿಗಿ ಇಂಥಾದ್ದು ನೋಡಿದ್ದೆ," ಎಂದರು. "ದೊಡ್ಡವರಿಗಿ ಆಗ್ತದಂತ ಕೇಳೇನಿ, ನೋಡಿಲ್ಲ. ಪಕ್ಕಾ ಹೇಳಲಿಕ್ಕ ನನ್ನ ಬಲ್ಲಿ ಮಷೀನ್ ಇಲ್ಲ. ಆದ್ರ ಒಂದು ಮಾಡು. ಗೋದಿ ಪೂರಾ ಬಂದ್. ಚಪಾತಿ, ಸಜ್ಜಿಗಿ, ಶಾವಿಗಿ, ಡಬಲ್ ರೊಟ್ಟಿ, ಬಿಸ್ಕೀಟು, ಒಂದು ತುಣುಕೂ ಬ್ಯಾಡ. ಜ್ವಾಳ, ಅಕ್ಕಿ ತಿನ್ನು. ಮಾಂಸ ತತ್ತಿ ನಿಮ್ಮಲ್ಲಿ ನಡ್ಯಾಂಗಿಲ್ಲ, ಅದಕ್ಕ ಕಾಳು ಕುದಿಸಿ ಕುಡಿ. ಮೈಯಾಗ ಮಾಂಸ ಬರಬೇಕಲ್ಲ."

ಅವ್ವ ಎದ್ದು ನಿಂತಳು. "ಬಾಯೀ, ಹೊಟ್ಟಿ ಕೆಟ್ಟವರಿಗಿ ಕಾಳು ಕೊಡ್ತಾರೇನ್ರಿ? ಜ್ವಾಳ ದಕ್ಕತದೇನ್ರಿ ಈ ಕೂಸಿಗಿ? ಗೋದಿ ಬಿಟ್ರ ಆಕಿ ಬಲ್ಲಿ ಉಳಿಯೂದೇನು?"

"ಒಂದೂವರೆ ತಿಂಗಳು ಮಾಡಿ ನೋಡಮ್ಮ. ಆಗಲಿಲ್ಲಂದ್ರ ಬಂದು ನಂಗ ಬೈ."

ಭಾಲ್ಕಿ ಸ್ಟೇಷನ್ನಿನಲ್ಲಿ ಇಳಿದ ಮೇಲೆ ಅವ್ವ ಅಪ್ಪನಿಗೆ, ನನಗೆ ಕೇಳುವಂತೆಯೇ, "ಮಗಳಿಗಿ ಉಪಾಸ ಕೆಡವು ಅಂತ ಹೇಳಲಿಕ್ಕ ವಿಲಾಯ್ತಿ ತನಕ ಹೋಗಿ ಓದಿ ಬರಬೇಕಾಗಿತ್ತೇನ್ರಿ ಆಕಿ?" ಎಂದಳು.

ಮನೆಯಲ್ಲಿ ಅವ್ವ ಕಾಳು ಬೇಯಿಸಿ ಕೊಡಲು ಒಪ್ಪಲಿಲ್ಲ. ಬೈಯಲಿಲ್ಲ, ತಡೆಯಲೂ ಇಲ್ಲ. "ನನ್ನ ಕೈಲೆ ನಿಂಗ ವಿಷ ಹಾಕ್ಲಿಕ್ಕ ಆಗಾಂಗಿಲ್ಲ," ಎಂದಳು ಅಷ್ಟೇ. ಹಿತ್ತಲ ಪಡಸಾಲೆಯಲ್ಲಿ ಅಪ್ಪ ನನಗೆ ಒಂದು ಬೇರೆ ಒಲೆ ಹೂಡಿಕೊಟ್ಟರು. ಬೀಸುವ ಕಲ್ಲನ್ನು ತೊಳೆದು ಬಿಸಿಲಿಗೆ ಹಾಕಿ, ಜೋಳಕ್ಕಷ್ಟೇ ಇಟ್ಟುಕೊಂಡೆ. ಕುಳಿತೇ ಕೆಲಸ. ಮಡಕೆ ಎತ್ತಲು ಆಗದಿದ್ದಾಗ ಅಪ್ಪ ಬಂದು ಇಳಿಸಿಕೊಡುತ್ತಿದ್ದರು. ಮೊದಮೊದಲು ಅಲಸಂದಿಯ ಕಟ್ಟನ್ನು ಮಾತ್ರ ಕುಡಿದೆ, ಬಸಿದ ತಿಳಿಯನ್ನು. ಕಾಳಿನ ಬಗ್ಗೆ ನನಗೂ ಹೆದರಿಕೆ ಇತ್ತು. ಆ ಮನೆಯಲ್ಲೇ ಬೆಳೆದವಳು ನಾನು.

ಎರಡನೆಯ ವಾರ ಒಂದು ಮಧ್ಯಾಹ್ನ ನಿದ್ದೆ ಬಂತು. ಎಚ್ಚರವಾದಾಗ ಸಂಜೆಯಾಗಿತ್ತು, ನಡುವೆ ಒಮ್ಮೆಯೂ ಏಳಬೇಕಾಗಿರಲಿಲ್ಲ. ಕಾಯಿಲೆ ಬಿದ್ದವರಿಗೆ ಮಾತ್ರ ಈ ಮಾತಿನ ಅರ್ಥ ಗೊತ್ತು. ಸಂಕ್ರಾಂತಿಯ ಹೊತ್ತಿಗೆ ಬಾಯಿಯ ಹುಣ್ಣು ವಾಸಿಯಾಗಿತ್ತು, ಪಾದದ ಬಾವು ಇಳಿದಿತ್ತು. ಕಾಳನ್ನೂ ತಿನ್ನತೊಡಗಿದ್ದೆ, ರೊಟ್ಟಿಯನ್ನು ಕಟ್ಟಿನಲ್ಲಿ ಮುರಿದು ಹಾಕಿಕೊಂಡು. ಬೇಸಿಗೆ ಬರುವಷ್ಟರಲ್ಲಿ ರವಿಕೆಯ ಹೊಲಿಗೆ ಬಿಚ್ಚಬೇಕಾಯಿತು. ಅಪ್ಪ ಬರೆದ ಅರ್ಜಿಗೆ ಉತ್ತರ ಬಂತು. ಔರಾದಿನ ಹೆಣ್ಣುಮಕ್ಕಳ ಶಾಲೆ, ಮಳೆಗಾಲದ ಆರಂಭಕ್ಕೆ ಹಾಜರಾಗಬೇಕು. ಡಾಕ್ಟರ್ ಬಾಯಿ ಆರೋಗ್ಯದ ಸರ್ಟಿಫಿಕೇಟು ಬರೆದುಕೊಟ್ಟರು. "ಹೊರಗ ಇರ್ತಿ, ಹುಷಾರ್. ಗೋದಿಯಿಂದನೇ ಇದು ಅಂತ ಪಕ್ಕಾ ಆಗಬೇಕಂದ್ರ ಮತ್ತ ತಿಂದು ನೋಡಬೇಕಾಗ್ತದ. ಅದು ನಾ ಹೇಳಾಂಗಿಲ್ಲ," ಎಂದರು.

ಅವ್ವನಿಗೆ ನಾನು ಚೇತರಿಸಿಕೊಂಡದ್ದು ಕಾಣುತ್ತಿತ್ತು. ಆದರೆ ಅದಕ್ಕೆ ಅವಳ ಕಾರಣವೇ ಬೇರೆ ಇತ್ತು. ಅದು ಗೊತ್ತಾದದ್ದು ನಾನು ಔರಾದಿಗೆ ಹೊರಡಲು ಟ್ರಂಕು ತೆಗೆದ ದಿನ.

"ಹೋಗೂಕಿಂತ ಮೊದಲ ಒಂದು ಕೆಲಸ ಅದ," ಎಂದಳು. "ನಾ ಬೇಡ್ಕೊಂಡೇನಿ. ನೀ ಎದ್ದು ಓಡಾಡಿದ್ರ ಐದು ಮಂದಿ ಅಯ್ನೋರಿಗಿ ಕರೆದು ಗೋದಿ ಹುಗ್ಗಿ ಉಣಿಸ್ತೇನಿ, ಆ ಪ್ರಸಾದ ನನ್ನ ಕೈಲೆ ನಿನ್ನ ಬಾಯಾಗ ಹಾಕ್ತೇನಿ ಅಂತ."

ನಮ್ಮ ಕಡೆ ಒಂದು ಬೇಡಿಕೆ ಈಡೇರಿದರೆ ಜಂಗಮರನ್ನು ಮನೆಗೆ ಕರೆದು ಉಣಿಸುವುದು ವಾಡಿಕೆ. ಉಣಿಸುವುದು ಹುಗ್ಗಿಯನ್ನೇ. ಕುಟ್ಟಿ ಸಿಪ್ಪೆ ತೆಗೆದ ಗೋಧಿ, ಬೆಲ್ಲ, ತುಪ್ಪ. ಕೊಡುವುದರಲ್ಲಿ ಅದಕ್ಕಿಂತ ದೊಡ್ಡದು ಇಲ್ಲ.

"ಯಾವಾಗ ಬೇಡ್ಕೊಂಡಿ?" ಎಂದು ಕೇಳಿದೆ.

"ನಾ ಯಾರು ಅಂತ ನಿಂಗ ಗುರ್ತ ಹತ್ತಲಾರದ ದಿನ."

ಅಂಥ ದಿನ ಒಂದಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

"ಅವ್ವ, ಅಯ್ನೋರಿಗಿ ಹುಗ್ಗಿ ಉಣಿಸು. ನಂಗ ಬ್ಯಾರೆ ಏನರ ಕೊಡು. ಅಕ್ಕಿದು, ಜ್ವಾಳದ್ದು."

"ಮಾತು ಕೊಟ್ಟಿದ್ದು ಗೋದಿದು. ಈಗ ಹೋಗಿ, ಆಗ ನಾ ಜ್ವಾಳ ಅಂದಿದ್ದೆ ಅಂತ ಸುಳ್ಳು ಹೇಳ್ಲಿ?"

"ತಿಂದ್ರ ಮತ್ತ ಬೀಳ್ತೇನಿ. ಔರಾದಿಗಿ ಹೋಗೂದು ತಪ್ಪತದ."

"ಯಾವ ಪ್ರಸಾದ ಉಂಡು ಯಾರು ಬಿದ್ದಾರ?"

ಆಗ ಬೇಡವೆಂದೆ. ಅವ್ವನಿಗೆ ನಾನು ಅಂದ ಮೊದಲ 'ಬೇಡ' ಅದು. ಅವಳು ಅತ್ತೆಗೆ ಹೇಳಿಕಳಿಸಿದಳು. ಅತ್ತೆ ಬಂದವಳೇ, "ಏನವ್ವಾ, ಅಷ್ಟು ಓದಿದ್ದು ಒಂದು ತುತ್ತು ಹುಗ್ಗಿಗಿ ಅಂಜಲಿಕ್ಕಾ?" ಎಂದು ಕೇಳಿದಳು. ಅಪ್ಪನನ್ನು ಕೇಳಿದರೆ, ಕಚೇರಿಯಲ್ಲಿ ತಮಗೆ ಬೇಡದ ಕಡತವನ್ನು ಮೇಜಿನ ಆಚೆಗೆ ಸರಿಸುವ ಹಾಗೆ, "ತಾಯಿ ಮಗಳು ಕೂಡಿ ಏನ್ ಮಾಡ್ತೀರಿ ಮಾಡ್ರಿ, ನನ್ನ ನಡುವ ಎಳೀಬ್ಯಾಡ್ರಿ," ಎಂದರು.

ಸೋಮವಾರ ಐದು ಮಂದಿ ಬಂದರು. ಅವ್ವ ಮಡಿಯುಟ್ಟು ಒಬ್ಬಳೇ ಎಲ್ಲ ಮಾಡಿದ್ದಳು. ಅವರು ಪೂಜೆ ಮುಗಿಸಿ, ಉಂಡು, ಒಂದು ಅಗುಳೂ ಉಳಿಯದಂತೆ ತಾಟಿಗೆ ನೀರು ಹಾಕಿಕೊಂಡು ಆ ನೀರನ್ನೂ ಕುಡಿದರು. ಆಮೇಲೆ ಅವ್ವ ಬಟ್ಟಲಲ್ಲಿ ಪ್ರಸಾದ ಹಿಡಿದು ನನ್ನ ಮುಂದೆ ಬಂದಳು. ಒಂದು ತುತ್ತು ಎತ್ತಿ ನನ್ನ ಬಾಯಿಯ ಹತ್ತಿರ ಹಿಡಿದಳು. ನಾನು ಮತ್ತೊಮ್ಮೆ ಬೇಡವೆಂದರೆ ಅವಳು ಬಲವಂತ ಮಾಡುತ್ತಿರಲಿಲ್ಲ ಎಂದು ಅವಳ ಮುಖದಲ್ಲೇ ಕಾಣುತ್ತಿತ್ತು. ಆದರೆ ಅದಾದ ಮೇಲೆ ನನಗೆ ಬರುವ ಪ್ರತಿಯೊಂದು ಕೆಮ್ಮನ್ನೂ ಅವಳು ತನ್ನ ಸುಳ್ಳಾದ ಮಾತಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದಳು. ಔರಾದು ದೂರ. ಅಷ್ಟು ದೂರ ಕುಳಿತು ಅವಳು ಆ ಭಯದಲ್ಲಿ ಬದುಕುವುದನ್ನು ನಾನು ಊಹಿಸಿಕೊಂಡೆ. ಬಾಯಿ ತೆರೆದೆ.

ಮೂರು ತುತ್ತು ಹಾಕಿದಳು. ರುಚಿಯಾಗಿತ್ತು. ಎಷ್ಟೋ ತಿಂಗಳ ಮೇಲೆ ತಿಂದ ಗೋಧಿ. ಅದು ಎಷ್ಟು ರುಚಿಯಾಗಿತ್ತೆಂದು ಹೇಳದಿದ್ದರೆ ಸುಳ್ಳಾದೀತು.

ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಆ ವಾರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಚಳಿಗಾಲದುದ್ದಕ್ಕೂ ಗಳಿಸಿಕೊಂಡದ್ದು ನನ್ನಿಂದ ಹರಿದುಹೋಗುವುದನ್ನು ನೋಡುತ್ತಾ ಮಲಗಿದ್ದೆ. ಬಾಗಿಲ ಪಕ್ಕದ ಟ್ರಂಕು ಅರ್ಧ ತುಂಬಿ ಹಾಗೇ ತೆರೆದುಕೊಂಡಿತ್ತು.

ಹಲಬರ್ಗಾಕ್ಕೆ ಹಿಂತಿರುಗುವ ಮುನ್ನ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. "ದೃಷ್ಟಿ ಆಗ್ಯಾದ. ನೌಕರಿ ಸಿಕ್ಕಿದ್ದು ಊರಿಗೆಲ್ಲಾ ಗೊತ್ತಾಗ್ಯಾದ, ಮತ್ತೇನ್ ಆಗ್ತದ?"

"ದೃಷ್ಟಿ ಅಲ್ಲ ಅಕ್ಕಾ," ಎಂದಳು ಅವ್ವ. ಗೋಡೆಗೆ ಆತು ಕುಳಿತಿದ್ದವಳು ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದಳು. "ಕಾಣವಲ್ದೇನು? ನಾ ಹಾಕೀನಿ, ಆಕಿ ಬಿದ್ದಾಳ."

ಅತ್ತೆ ಉಪ್ಪು ಮೆಣಸಿನಕಾಯಿಯನ್ನು ಒಲೆಗೆ ಹಾಕಿ ತನ್ನ ಗಂಟು ಎತ್ತಿಕೊಂಡಳು.

ಅಂದು ಮಧ್ಯಾಹ್ನ ಅವ್ವ ಹಿತ್ತಲಿನ ನನ್ನ ಒಲೆಯನ್ನು ಸಾರಿಸಿ, ಮಡಕೆ ತಂದಿಟ್ಟುಕೊಂಡು, ಅಲ್ಲಿಂದಲೇ ಕೂಗಿದಳು.

"ನೀಲಾ, ಆ ಅಲಸಂದಿ ಹ್ಯಾಂಗ ಕುದಸ್ತಿ, ಹೇಳು."

ನಾನು ಹುಟ್ಟುವ ಮೊದಲಿನಿಂದ ಅಡುಗೆ ಮಾಡುತ್ತಿದ್ದವಳು. ಇಡೀ ಓಣಿಯ ಮದುವೆಗಳಿಗೆ ಬೇಳೆ ಬೇಯಿಸಿದವಳು.

"ರಾತ್ರಿ ನೆನಿ ಹಾಕಬೇಕಾಗಿತ್ತವ್ವ."

"ಹಾಕೇನಿ. ಮುಂದ ಹೇಳು."

"ಆ ನೀರು ಚೆಲ್ಲಿ ಬ್ಯಾರೆ ನೀರು ಹಾಕು. ನೀರು ಕಾಳಿನ ಮ್ಯಾಲ ನಾಲ್ಕು ಬಟ್ಟು ಇರ್ಲಿ. ಅರಿಷಿಣ ಚೂರು. ಉಪ್ಪು ಈಗ ಬ್ಯಾಡ, ಕಾಳು ಬಿರುಸಾಗ್ತಾವ. ಉರಿ ಸಣ್ಣ ಮಾಡು."

"ಸಣ್ಣ ಮಾಡೇನಿ. ಒಲಿ ಉರಿ ನಂಗ ಕಲಸಬ್ಯಾಡ."

ಕುದಿಯುವ ಸದ್ದು ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ, "ಹಿಸುಕಿದ್ರ ಹಿಟ್ಟಾಗ್ಲಿಕ್ಕ ಹತ್ಯಾವ. ಈಗ?"

"ಅರ್ಧ ಕಾಳು ತಗೊಂಡು ಹುಟ್ಟಿಲೆ ನುಣ್ಣಗ ತಿಕ್ಕಿ, ಮತ್ತ ಅದರಾಗೇ ಕಲಸು."

"ಹಿಟ್ಟು ಹಚ್ಚಲಾರದ ಗಟ್ಟಿ ಹ್ಯಾಂಗ ಆಗ್ತದ?"

ನಮ್ಮ ಮನೆಯಲ್ಲಿ ಯಾವ ಕಟ್ಟು ಮಾಡಿದರೂ ಕೊನೆಗೆ ಒಂದು ಚಿಟಿಕೆ ಹುರಿದ ಗೋಧಿಹಿಟ್ಟನ್ನು ನೀರಲ್ಲಿ ಕಲಸಿ ಹಚ್ಚುತ್ತಿದ್ದಳು ಅವ್ವ. ಅದು ಅವಳ ಕೈಗುಣವೆಂದು ಎಲ್ಲರೂ ಹೊಗಳುತ್ತಿದ್ದರು.

"ತಿಕ್ಕಿದ ಕಾಳೇ ಗಟ್ಟಿ ಮಾಡ್ತಾವ. ನೋಡು."

ಹುಟ್ಟು ಮಡಕೆಗೆ ತಾಗುವ ಸದ್ದು ಕೇಳಿತು. ಆಮೇಲೆ, "ಹೂಂ," ಎಂದಳು.

ಬೆಳ್ಳುಳ್ಳಿಯನ್ನು ಸುಟ್ಟು ಜಜ್ಜಿ ಹಾಕಲು ಹೇಳಿದೆ, ಜೀರಿಗೆ ಹುರಿದು ಪುಡಿ ಮಾಡಲು ಹೇಳಿದೆ, ಉಪ್ಪು, ಕಡೆಗೆ ನಿಂಬೆಯ ಕೆಲವು ಹನಿ. ಖಾರ ಬೇಡವೆಂದೆ. "ಖಾರ ಇಲ್ಲದ ಕಟ್ಟು ದನಾ ಸುದ್ದಾ ಕುಡ್ಯಾಂಗಿಲ್ಲ," ಎಂದು ಗೊಣಗಿದಳು, ಆದರೆ ಹಾಕಲಿಲ್ಲ. ಮೊದಲ ದಿನ ಬರೀ ತಿಳಿ ಬಸಿದು ತಂದಳು. ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಚಮಚದಿಂದ ಕುಡಿಸಿದಳು. ಪ್ರತಿ ಚಮಚಕ್ಕೂ ನನ್ನ ಮುಖ ನೋಡಿ, ತಡೆದು, ಆಮೇಲೆ ಇನ್ನೊಂದು. ನಾನು ಮಾಡಿಕೊಳ್ಳುತ್ತಿದ್ದುದಕ್ಕಿಂತ ಅದು ರುಚಿಯಾಗಿತ್ತು. ನಾನು ಹೇಳಿದ್ದನ್ನಷ್ಟೇ ಹಾಕಿದ್ದಳು, ಆದರೂ.

"ಬೇಡ್ಕೊಂಡಿದ್ದು ತೀರ್ತು," ಎಂದಳು ಬಟ್ಟಲು ಖಾಲಿಯಾದ ಮೇಲೆ. "ಇನ್ನೊಮ್ಮಿ ಬೇಡ್ಕೊಂಬಾಗ ಮೊದಲ ಡಾಕ್ಟರ್ ಬಾಯಿಗಿ ಕೇಳಿ ಬೇಡ್ಕೊಂತೇನಿ."

ನಗಲು ನನ್ನಲ್ಲಿ ಶಕ್ತಿ ಇರಲಿಲ್ಲ. ಅವಳೂ ನಗಲಿಲ್ಲ.

ಅಪ್ಪ ಬೀದರಿಗೆ ಹೋಗಿ ನನ್ನ ಹಾಜರಾತಿಗೆ ಕೆಲವು ದಿನಗಳ ಗಡುವು ಕೇಳಿ ಬಂದರು. ಕೊಟ್ಟರು. ಡಾಕ್ಟರ್ ಬಾಯಿಯನ್ನೂ ನೋಡಿ ನಡೆದದ್ದನ್ನು ಹೇಳಿದರಂತೆ. ಅವರು ಸಿಟ್ಟಾಗಲಿಲ್ಲವಂತೆ. "ಈಗ ಪಕ್ಕಾ ಆತು," ಎಂದರಂತೆ. ಇದು ವಾಸಿಯಾಗುವ ಕಾಯಿಲೆ ಅಲ್ಲ, ಜೀವ ಇರುವ ತನಕ ಪರೇಜು, ಪಥ್ಯ, ಎಂದೂ ಹೇಳಿಕಳಿಸಿದ್ದರು. ಅಪ್ಪ ಅದನ್ನು ನನಗೆ ತಿಳಿಸಲು ಎರಡು ದಿನ ತೆಗೆದುಕೊಂಡರು. ನನಗೆ ದುಃಖವಾಗಲಿಲ್ಲ. ಹೆಸರಿಲ್ಲದ ಭಯಕ್ಕಿಂತ ಗೊತ್ತಿರುವ ಒಂದು ಗೋಧಿಕಾಳು ದೊಡ್ಡದಲ್ಲ.

ಗಡುವಿನ ಕೊನೆಯ ದಿನಕ್ಕೆ ಮೊದಲು ಹೊರಟೆವು. ಅಪ್ಪನಿಗೆ ರಜೆ ಸಿಗದೆ ಅವ್ವ ನನ್ನ ಜೊತೆ ಬಂದಳು. ಔರಾದಿನ ಮೋಟಾರು ಮಳೆಗೆ ಎರಡು ಕಡೆ ಸಿಕ್ಕಿಬಿದ್ದು, ಇಳಿದಾಗ ಸಂಜೆಯಾಗಿತ್ತು. ಶಾಲೆಯ ದೊಡ್ಡ ಬಾಯಿಯವರು, ಎಂದರೆ ಮುಖ್ಯೋಪಾಧ್ಯಾಯಿನಿ, ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದವರು, ಒಬ್ಬರೇ ಇದ್ದರು. ನಮಗೆ ಆ ದಿನ ತಮ್ಮ ಮನೆಯಲ್ಲೇ ಇರಲು ಹೇಳಿಕಳಿಸಿದ್ದರು. ಬಾಗಿಲಿಗೇ ಬಂದು ಎದುರುಗೊಂಡರು.

"ಬನ್ನಿ ಬನ್ನಿ. ದಾರೀಲಿ ತುಂಬಾ ಸುಸ್ತಾಗಿರತ್ತೆ. ಪಾಪ, ಹುಷಾರಿರಲಿಲ್ಲ ಅಂತ ಕೇಳ್ದೆ. ಅದಕ್ಕೇ ಹಗುರವಾಗಿರ್ಲಿ ಅಂತ ಬಿಸಿ ಉಪ್ಪಿಟ್ಟು ಮಾಡಿದ್ದೀನಿ. ಕೂತ್ಕೊಳ್ಳಿ."

ಎರಡು ತಾಟು ಬಂದವು. ತುಪ್ಪ ಹಾಕಿ ಹುರಿದ ರ‍ವೆಯ ಪರಿಮಳ. ರವೆಯೆಂದರೆ ಗೋಧಿಯೇ. ಹೊಸ ಊರು, ಮೇಲಿನ ಅಧಿಕಾರಿ, ಅವರೇ ಒಲೆಯ ಮುಂದೆ ನಿಂತು ಮಾಡಿದ್ದು. ಬೇಡವೆನ್ನಲು ಹೊಟ್ಟೆಯ ಕಥೆಯನ್ನೆಲ್ಲ ಬಿಚ್ಚಬೇಕು. ಹೇಳಿದರೆ ಇಂಥವಳು ಪಾಠ ಹೇಗೆ ಮಾಡುತ್ತಾಳೆ ಎಂದುಕೊಂಡಾರು. ಮುಂದೆ ಔರಾದಿನಲ್ಲಿ ಪ್ರತಿ ಮನೆಯಲ್ಲೂ, ಪ್ರತಿ ಹಬ್ಬಕ್ಕೂ ಇದೇ ಆಗುವುದೆಂದು ಆ ಕ್ಷಣದಲ್ಲಿ ಕಣ್ಣಿಗೆ ಕಟ್ಟಿತು. ತಾಟನ್ನೇ ನೋಡುತ್ತಾ ಕುಳಿತೆ.

"ಆಕಿಗಿ ಗೋದಿ ನಡ್ಯಾಂಗಿಲ್ರಿ ಬಾಯೀ," ಎಂದಳು ಅವ್ವ. ನೀರು ಬೇಕು ಎಂದು ಕೇಳುವಷ್ಟೇ ಸಲೀಸಾಗಿ. "ಆಕಿ ಮೈಗಿ ಹೊಂದಾಂಗಿಲ್ಲ. ಜ್ವಾಳದ ರೊಟ್ಟಿ ತಂದೀವಿ. ನಿಮ್ಮಲ್ಲಿ ಯಾವುದರ ಕಾಳು ಕುದಿಸಿದ್ದು ಇದ್ರ ಒಂದು ಬಟ್ಟಲ ಕೊಡ್ರಿ, ಹಿಟ್ಟು ಹಚ್ಚಲಾರದ್ದು."

ದೊಡ್ಡ ಬಾಯಿಯವರಿಗೆ ಅವ್ವನ ಮಾತು ಅರ್ಧ ತಿಳಿಯಿತೆಂದು ಕಾಣುತ್ತದೆ. ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. "ಓ, ಕಾಳು ತಾನೆ? ಮಧ್ಯಾಹ್ನದ ಹುರುಳಿಕಟ್ಟಿನ ಸಾರಿದೆ. ಬರೀ ಹುರುಳಿ, ಹಿಟ್ಟುಗಿಟ್ಟು ಏನೂ ಹಾಕಿಲ್ಲ. ಕಾಯಿಸಿ ತರ್ತೀನಿ, ಒಂದು ನಿಮಿಷ," ಎಂದು ಒಳಗೆ ಹೋದರು. ಅಷ್ಟೇ. ಬೇರೇನನ್ನೂ ಕೇಳಲಿಲ್ಲ.

ಅವರು ಅತ್ತ ಹೋಗುತ್ತಿದ್ದಂತೆ ಅವ್ವ ನನ್ನ ಮುಂದಿದ್ದ ಉಪ್ಪಿಟ್ಟಿನ ತಾಟನ್ನು ತನ್ನ ಕಡೆ ಎಳೆದು, ತನ್ನದರ ಪಕ್ಕದಲ್ಲಿ ಇಟ್ಟುಕೊಂಡಳು. ಮಾಡಿದವರಿಗೆ ಬೇಸರವಾಗಬಾರದೆಂದೋ ಏನೋ, ಎರಡನ್ನೂ ತಿನ್ನತೊಡಗಿದಳು.